ಮೋಟರ್‌ಹೋಮ್ ಎಸಿಗೆ ಎಕ್ಸ್‌ಟೆನ್ಶನ್ ವೈರು: ಉದ್ದ ಆಮೇಲೆ, ಮೊದಲು ದಪ್ಪ ನೋಡಿ

ವಾಸನೆ ಮೊದಲು ಗೊತ್ತಾಗಿದ್ದು ಅಮ್ಮನಿಗೆ. "ಪ್ಲಾಸ್ಟಿಕ್ ಸುಟ್ಟ ಹಾಗಿದೆ ಕಣೋ, ಗ್ಯಾರೇಜ್ ಕಡೆ ಒಂಚೂರು ನೋಡು" ಅಂದರು.

ಜುಲೈ ತಿಂಗಳು. ಡಲ್ಲಾಸ್ ಪಕ್ಕದ ನಮ್ಮ ಬಡಾವಣೆಯಲ್ಲಿ ಸಂಜೆ ಐದಕ್ಕೂ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್. ಮಾರನೇ ದಿನ ಬೆಳಗ್ಗೆ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಕೊಲರಾಡೊ ಕಡೆ ಹೊರಡಬೇಕಿತ್ತು. ಡ್ರೈವ್‌ವೇನಲ್ಲಿ ನಿಂತಿದ್ದ ಮೋಟರ್‌ಹೋಮ್, ಅಂದರೆ ಅಡುಗೆ, ಹಾಸಿಗೆ ಎಲ್ಲ ಇರುವ ಮನೆಯಂಥ ಗಾಡಿಯ ಒಳಗೆ ಅಮ್ಮ ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಡಬ್ಬ ಜೋಡಿಸುತ್ತಿದ್ದರು. ಒಳಗೆ ಕಾಲಿಡೋಕಾಗದಷ್ಟು ಸೆಕೆ. ಗ್ಯಾರೇಜಿನ ಮೊಳೆಗೆ ನೇತಾಡುತ್ತಿದ್ದ ಕಿತ್ತಳೆ ಬಣ್ಣದ ಎಕ್ಸ್‌ಟೆನ್ಶನ್ ವೈರು ಎಳೆದು, ಚಾವಣಿ ಮೇಲಿನ ಎಸಿ ಆನ್ ಮಾಡಿದ್ದೆ. ಆ ವೈರು ದೀಪಾವಳಿಗೆ ಮನೆ ಮುಂದೆ ಸೀರಿಯಲ್ ಸೆಟ್ ಹಾಕೋಕೆ ತಂದಿದ್ದು. ಉದ್ದ ಸಾಕು ಅಂತ ನೋಡಿದೆನೇ ಹೊರತು ಬೇರೇನೂ ನೋಡಲಿಲ್ಲ.

ಓಡಿ ಹೋಗಿ ನೋಡಿದರೆ ಪ್ಲಗ್ಗಿನ ಮುಖ ಹಸಿ ಬೆಲ್ಲದ ಹಾಗೆ ಮೆತ್ತಗಾಗಿತ್ತು. ಬ್ರೇಕರ್ ಆಫ್ ಮಾಡಿ, ಬಿಸಿ ಆರೋವರೆಗೆ ಕಾದು ಎಳೆದೆ. ಒಂದು ಪಿನ್ನು ನೀಲಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತ್ತು. ಸಾಕೆಟ್ಟಿನ ಆ ಕಿಂಡಿಯ ಸುತ್ತ ಕಪ್ಪು ಉಂಗುರ. ನನಗೆ ಜಾಸ್ತಿ ಗಾಬರಿಯಾಗಿದ್ದು ಬೇರೆ ವಿಷಯಕ್ಕೆ. ಇಷ್ಟೆಲ್ಲ ಆದರೂ ಬ್ರೇಕರ್ ಟ್ರಿಪ್ ಆಗಿರಲಿಲ್ಲ.

ಆಗೋದೂ ಇಲ್ಲ. 15 ಆಂಪ್ ಬ್ರೇಕರ್ ಕಾಯುವುದು ಗೋಡೆಯೊಳಗಿನ ವೈರನ್ನು. ಹೊರಗೆ ನೀವು ಸಿಕ್ಕಿಸಿದ್ದು ಹುರಿಯಷ್ಟು ತೆಳುವೋ ಹಗ್ಗದಷ್ಟು ದಪ್ಪವೋ ಅದಕ್ಕೆ ಗೊತ್ತಿಲ್ಲ. ಎಸಿ 13 ಆಂಪ್ ಎಳೆಯುತ್ತಿತ್ತು, ಬ್ರೇಕರ್ ಲೆಕ್ಕದಲ್ಲಿ ಎಲ್ಲ ಸರಿ ಇತ್ತು. ಹಾಗಾಗಿ ಹೊರಗಿನ ವೈರು ಆರಿಸುವಾಗ ಬ್ರೇಕರ್ ಕೆಲಸ ನಾವೇ ಮಾಡಬೇಕು.

ಊರಿನ ಲೆಕ್ಕ ಇಲ್ಲಿ ನಡೆಯಲ್ಲ

ಅಪ್ಪ ಪ್ಲಗ್ ಕೈಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಹಾಸನದಲ್ಲಿ ನಮ್ಮನೆ ಎಸಿ ಇದಕ್ಕಿಂತ ದೊಡ್ಡದು. ಅಲ್ಲಿ ಹೀಗೆ ಆಗಿಲ್ವಲ್ಲೋ" ಅಂದರು. ಇದು ಇಲ್ಲಿಗೆ ಬಂದ ನಮ್ಮವರೆಲ್ಲ ಕೇಳಬೇಕಾದ ಪ್ರಶ್ನೆ.

ಊರಲ್ಲಿ ಮನೆಗೆ ಬರುವುದು 230 ವೋಲ್ಟ್. ಅಮೆರಿಕದಲ್ಲಿ ಮಾಮೂಲಿ ಸಾಕೆಟ್ಟಿಗೆ ಬರುವುದು 120. ಅದೇ 1,500 ವ್ಯಾಟ್ ಎಸಿ ಅಲ್ಲಿ ಸುಮಾರು ಆರೂವರೆ ಆಂಪ್ ಎಳೆದರೆ, ಇಲ್ಲಿ ಹನ್ನೆರಡೂವರೆ ಎಳೆಯುತ್ತದೆ. ಆಂಪ್ ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ಎರಡು ಪಟ್ಟಾಗಲ್ಲ, ನಾಲ್ಕು ಪಟ್ಟಾಗುತ್ತದೆ. ಊರಲ್ಲಿ ಕೈಗೆ ಬೆಚ್ಚಗೆ ಕೂಡ ಅನ್ನಿಸದ ವೈರು ಇಲ್ಲಿ ಸುಡುತ್ತದೆ.

ಇನ್ನೊಂದು ಗೊಂದಲ ನಂಬರಿನದ್ದು. ಊರಲ್ಲಿ ಎಲೆಕ್ಟ್ರಿಷಿಯನ್ "ಎರಡೂವರೆ ಎಂಎಂ ಹಾಕ್ಲಾ, ನಾಲ್ಕು ಎಂಎಂ ಹಾಕ್ಲಾ" ಅಂತ ಕೇಳುತ್ತಾನೆ. ನಂಬರ್ ದೊಡ್ಡದಾದರೆ ವೈರು ದಪ್ಪ. ಇಲ್ಲಿಯ ಗೇಜ್ ನಂಬರ್ ಉಲ್ಟಾ. 16 ಗೇಜ್ ತೆಳು, 10 ಗೇಜ್ ದಪ್ಪ. ನಮ್ಮ ಎಂಎಂ (ನಿಜಕ್ಕೂ ಅದು ಚದರ ಎಂಎಂ) ಲೆಕ್ಕಕ್ಕೆ ತಂದರೆ 16 ಗೇಜ್ ಅಂದರೆ ಬರೀ 1.3, 14 ಅಂದರೆ 2.1, 12 ಅಂದರೆ 3.3, 10 ಅಂದರೆ 5.3. ಅಂದರೆ ನನ್ನ ಕಿತ್ತಳೆ ವೈರು, 16 ಗೇಜಿನದು, ಊರಲ್ಲಿ ಲೈಟು, ಫ್ಯಾನಿಗೆ ಎಳೆಯುವ ಒಂದೂವರೆ ಎಂಎಂ ವೈರಿಗಿಂತ ತೆಳು! ಅದರಲ್ಲಿ ಎಸಿ ಓಡಿಸಿದೆ. ಅಪ್ಪನಿಗೆ ಇದನ್ನು ಹೇಳಿದ ಮೇಲೆ ಅವರು ಮಾತೇ ಆಡಲಿಲ್ಲ, ಪ್ಲಗ್ ಟೇಬಲ್ ಮೇಲಿಟ್ಟು ಕಾಫಿ ಕುಡಿಯೋಕೆ ಹೋದರು.

ಹೆಜ್ಜೆ 1: ಎಸಿ ಎಷ್ಟು ಕೇಳುತ್ತದೆ ನೋಡಿ

ಮೋಟರ್‌ಹೋಮ್ ಚಾವಣಿ ಮೇಲೆ ಕೂರುವ ಎಸಿಗಳು ಹೆಚ್ಚಾಗಿ ಎರಡು ಅಳತೆಯಲ್ಲಿ ಇರುತ್ತವೆ. 13,500 ಬಿಟಿಯು, ಇಲ್ಲವೇ 15,000 ಬಿಟಿಯು. ಬಿಟಿಯು ಅಂದರೆ ಎಸಿ ಎಷ್ಟು ತಂಪು ಮಾಡುತ್ತದೆ ಅನ್ನುವ ಅಳತೆ. ನಮ್ಮ ಭಾಷೆಯಲ್ಲಿ ಒಂದು ಟನ್ ಅಂದರೆ 12,000 ಬಿಟಿಯು. ಅಂದರೆ ಒಂದು ಟನ್ನಿಗೆ ಸ್ವಲ್ಪ ಮೇಲೆ. 13,500ರದ್ದು ಓಡುವಾಗ 12ರಿಂದ 14 ಆಂಪ್ ಎಳೆಯುತ್ತದೆ. 15,000ದ್ದು 14ರಿಂದ 16. ಹೊರಗೆ ಬಿಸಿಲು ಜಾಸ್ತಿಯಾದಷ್ಟೂ ಆಂಪ್ ಮೇಲಕ್ಕೆ ಹೋಗುತ್ತದೆ. ಬೆಳಗ್ಗೆ ಸರಿಯಾಗಿ ಓಡಿದ್ದು ಮಧ್ಯಾಹ್ನ ಮೂರಕ್ಕೆ ತಕರಾರು ಮಾಡುವುದು ಇದಕ್ಕೇ.

ನಿಮ್ಮ ಎಸಿಯ ನಿಖರ ಅಂಕಿ ಅದರ ಮೇಲಿರುವ ಸ್ಟಿಕರಿನಲ್ಲಿರುತ್ತದೆ. ಒಳಗಿನಿಂದ ಗಾಳಿ ಬರುವ ಜಾಲರಿ ಬಿಚ್ಚಿದರೆ ಕೆಲವದ್ದರಲ್ಲಿ ಕಾಣುತ್ತದೆ. ಕೆಲವಕ್ಕೆ ಚಾವಣಿ ಹತ್ತಬೇಕು. ಹತ್ತುವ ಬದಲು ಎಸಿ ಜೊತೆ ಬಂದ ಪುಸ್ತಕ ಹುಡುಕುವುದು ವಾಸಿ. ಸ್ಟಿಕರಿನಲ್ಲಿ ಎರಡು ನಂಬರ್ ನೋಡಿ. ಒಂದು ಓಡುವಾಗಿನ ಆಂಪ್. ಇನ್ನೊಂದು ಕಂಪ್ರೆಸರ್ ಶುರುವಾಗುವ ಕ್ಷಣದ್ದು, ಲಾಕ್ಡ್ ರೋಟರ್ ಅಂತ ಬರೆದಿರುತ್ತದೆ. ಅದು 60ರ ಆಸುಪಾಸಿಗೂ ಹೋಗುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಆದರೆ ತೆಳು ವೈರು ಸೋಲುವುದು ಆ ಕ್ಷಣದಲ್ಲೇ.

ಹೆಜ್ಜೆ 2: ಮನೆಯ ಸಾಕೆಟ್ಟು ಎಷ್ಟು ಕೊಡುತ್ತದೆ?

ವೈರು ಕೊಳ್ಳೋಕೆ ಅಂಗಡಿಗೆ ಓಡುವ ಮೊದಲು ಬ್ರೇಕರ್ ಪೆಟ್ಟಿಗೆ ತೆಗೆದು ನೋಡಿ. ಗ್ಯಾರೇಜ್ ಸಾಕೆಟ್ಟಿನ ಬ್ರೇಕರ್ ಹಿಡಿ ಮೇಲೆ 15 ಅಥವಾ 20 ಅಂತ ಬರೆದಿರುತ್ತದೆ. ಸಾಕೆಟ್ಟಿನ ಆಕಾರ ನೋಡಿ ನಿರ್ಧರಿಸಬೇಡಿ. ಒಂದು ಕಿಂಡಿ ಅಡ್ಡಸೀಳಿದ್ದು, ಮಲಗಿದ ಟಿ ಆಕಾರದಲ್ಲಿದ್ದರೆ ಅದು 20 ಆಂಪ್ ಸಾಕೆಟ್ಟು. ಆದರೆ 20 ಆಂಪ್ ಲೈನಿಗೆ 15ರ ಮಾಮೂಲಿ ಸಾಕೆಟ್ಟುಗಳನ್ನು ಹಾಕಲೂ ಇಲ್ಲಿಯ ನಿಯಮ ಒಪ್ಪುತ್ತದೆ. ಹಾಗಾಗಿ ಸಾಕೆಟ್ಟು ಸುಳ್ಳು ಹೇಳದಿದ್ದರೂ ಪೂರ್ತಿ ನಿಜ ಹೇಳಲ್ಲ.

ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಓಡುವ ಯಾವುದೇ ಸಾಧನಕ್ಕೆ ಇಲ್ಲಿ 80 ಪರ್ಸೆಂಟ್ ಲೆಕ್ಕ ಹಿಡಿಯುತ್ತಾರೆ. 15 ಆಂಪ್ ಲೈನಿನಲ್ಲಿ 12, 20 ಆಂಪ್ ಲೈನಿನಲ್ಲಿ 16. ಈಗ ಮೇಲಿನ ಅಂಕಿ ಪಕ್ಕಕ್ಕಿಟ್ಟು ನೋಡಿ. 13,500ರ ಎಸಿ 15 ಆಂಪ್ ಲೈನಿಗೆ ಆಗಲೇ ಗಡಿಯಲ್ಲಿದೆ. ಸಂಜೆ ಒಂದೆರಡು ಗಂಟೆ ಓಡಿಸಬಹುದು, ರಾತ್ರಿಯೆಲ್ಲ ಓಡಿಸುವುದು ಬೇಡ. 20 ಆಂಪ್ ಲೈನ್ ಆದರೆ ನೆಮ್ಮದಿ. 15,000ದ್ದು ನಿಮ್ಮಲ್ಲಿದ್ದರೆ ನನ್ನ ಅಭಿಪ್ರಾಯ ನೇರ: ಮಾಮೂಲಿ ಸಾಕೆಟ್ಟಿನ ಸಹವಾಸವೇ ಬೇಡ. ಎಷ್ಟು ದಪ್ಪ ವೈರು ತಂದರೂ ಅದರ ತುದಿಯ ಪ್ಲಗ್ 15 ಆಂಪಿನದೇ ಅಲ್ವಾ?

ಅದೇ ಲೈನಿನಲ್ಲಿ ಇನ್ನೇನಿದೆ ಅಂತಲೂ ನೋಡಬೇಕು. ಬ್ರೇಕರ್ ಆಫ್ ಮಾಡಿ ಮನೆಯೆಲ್ಲ ಒಂದು ಸುತ್ತು ಬನ್ನಿ. ನಮ್ಮ ಮನೆಯಲ್ಲಿ ಗ್ಯಾರೇಜ್ ಲೈನಿನಲ್ಲೇ ಎರಡನೇ ಫ್ರಿಜ್ ಇತ್ತು. ಇಡ್ಲಿ ಹಿಟ್ಟು, ಕೊತ್ತಂಬರಿ ಸೊಪ್ಪು, ಹಾಲಿನ ಕ್ಯಾನು ಎಲ್ಲ ಅದರಲ್ಲೇ. ಅದರ ಕಂಪ್ರೆಸರ್ರೂ ಎಸಿಯೂ ಒಟ್ಟಿಗೆ ಶುರುವಾದರೆ ಕತೆ ಮುಗಿಯಿತು.

ಕೊನೆಗೆ ಕೈಯಿಂದ ಒಂದು ಪರೀಕ್ಷೆ. ಪ್ಲಗ್ ಹಾಕಿದಾಗ ಬಿಗಿಯಾಗಿ ಕೂರಬೇಕು. ವೈರಿನ ಭಾರಕ್ಕೇ ಜೋತುಬಿದ್ದು ಹೊರಬರುವಂತಿದ್ದರೆ ಆ ಸಾಕೆಟ್ಟನ್ನು ಬದಲಾಯಿಸಿ. ನನ್ನದು ಸುಟ್ಟಿದ್ದಕ್ಕೆ ಅರ್ಧ ಕಾರಣ ತೆಳು ವೈರು, ಇನ್ನರ್ಧ ಸಡಿಲ ಸಾಕೆಟ್ಟು. ಒಂದು ಸಣ್ಣ ಲೆಕ್ಕ ಹೇಳ್ತೀನಿ. ಪಿನ್ನು ಸರಿಯಾಗಿ ತಾಗದೆ ಅಲ್ಲಿ ಬರೀ 0.2 ಓಮ್ ತಡೆ ಹುಟ್ಟಿತು ಅಂದುಕೊಳ್ಳಿ. 15 ಆಂಪ್ ಹರಿದರೆ ಆ ಒಂದೇ ಬಿಂದುವಿನಲ್ಲಿ 45 ವ್ಯಾಟ್ ಬಿಸಿ. ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಸೀಸ ಕರಗಿಸುವ ಸೋಲ್ಡರಿಂಗ್ ಐರನ್ ಎಷ್ಟೋ ಸಲ 25 ವ್ಯಾಟಿನದಿರುತ್ತದೆ. ಪ್ಲಾಸ್ಟಿಕ್ ಕರಗದೆ ಇನ್ನೇನು?

ಹೆಜ್ಜೆ 3: ಗೇಜ್ ಮತ್ತು ಉದ್ದ ಒಟ್ಟಿಗೆ ಆರಿಸಿ

ಈ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು.

ವೈರು ಉದ್ದವಾದಷ್ಟೂ, ತೆಳುವಾದಷ್ಟೂ ದಾರಿಯಲ್ಲೇ ವೋಲ್ಟ್ ಸೋರಿಹೋಗುತ್ತದೆ. ತೂತಾದ ಪೈಪಿನಲ್ಲಿ ತೋಟದ ಕೊನೆಗೆ ನೀರು ಬಿಟ್ಟ ಹಾಗೆ. ಕರೆಂಟ್ ಹೋಗಿ ವಾಪಸ್ ಬರಬೇಕು, ಆದ್ದರಿಂದ 50 ಅಡಿ ವೈರು ಲೆಕ್ಕಕ್ಕೆ 100 ಅಡಿ. ಎಸಿಗೆ 13 ಆಂಪ್, ಒಳಗಿನ ಸಣ್ಣಪುಟ್ಟದ್ದಕ್ಕೆ 2, ಒಟ್ಟು 15 ಆಂಪ್ ಅಂದುಕೊಂಡು 50 ಅಡಿ ವೈರಿನಲ್ಲಿ ಎಷ್ಟು ವೋಲ್ಟ್ ಹೋಗುತ್ತದೆ ಅಂತ ನಾನು ಲೆಕ್ಕ ಹಾಕಿದೆ:

16 ಗೇಜ್: ಸುಮಾರು 6 ವೋಲ್ಟ್
14 ಗೇಜ್: ಸುಮಾರು 3.8 ವೋಲ್ಟ್
12 ಗೇಜ್: ಸುಮಾರು 2.4 ವೋಲ್ಟ್
10 ಗೇಜ್: ಸುಮಾರು 1.5 ವೋಲ್ಟ್

100 ಅಡಿ ಆದರೆ ಇದರ ಎರಡರಷ್ಟು. 25 ಅಡಿ ಆದರೆ ಅರ್ಧ.

ಆರು ವೋಲ್ಟ್ ತಾನೇ, 120ರಲ್ಲಿ ಅದೇನು ಮಹಾ ಅನ್ನಿಸಬಹುದು. ಎರಡು ಕಾರಣಕ್ಕೆ ಅದು ಮಹಾ. ಮೊದಲನೆಯದು, ಆ ಆರು ವೋಲ್ಟ್ ಎಲ್ಲೂ ಮಾಯವಾಗಲ್ಲ, ಬಿಸಿಯಾಗುತ್ತದೆ. 6 ವೋಲ್ಟ್, 15 ಆಂಪ್ ಗುಣಿಸಿದರೆ 90 ವ್ಯಾಟ್. ಹಳೇ ಕಾಲದ ನೂರರ ಬಲ್ಬು ಕೊಡುತ್ತಿದ್ದಷ್ಟು ಬಿಸಿ. 50 ಅಡಿ ಉದ್ದಕ್ಕೂ ಹರಡಿದರೆ ಗಾಳಿಗೆ ಆರಿಹೋಗುತ್ತದೆ. ಮಿಕ್ಕ ವೈರನ್ನು ನೀಟಾಗಿ ಸುತ್ತಿ, ಕಟ್ಟು ಹಾಕಿ ಮೂಲೆಗಿಟ್ಟರೆ ಆ ಬಿಸಿಯೆಲ್ಲ ಒಂದೇ ಕಡೆ ಸೇರುತ್ತದೆ. ಸುತ್ತಿಟ್ಟ ವೈರೇ ಕರಗುವುದು ಹೀಗೆ. ಓರಣವಾಗಿಡೋ ಅಭ್ಯಾಸ ಇಲ್ಲಿ ಒಳ್ಳೆಯದಲ್ಲ.

ಎರಡನೆಯದು ಶುರುವಾಗುವ ಆ ಕ್ಷಣ. ಕಂಪ್ರೆಸರ್ 60 ಆಂಪ್ ಕೇಳಿದಾಗ 16 ಗೇಜಿನ 50 ಅಡಿ ವೈರು 24 ವೋಲ್ಟ್ ನುಂಗುತ್ತದೆ. ಬ್ರೇಕರ್ ಪೆಟ್ಟಿಗೆಯಿಂದ ಗ್ಯಾರೇಜಿಗೆ ಗೋಡೆಯೊಳಗೆ ಬಂದ 14 ಗೇಜ್ ವೈರೂ 50 ಅಡಿ ಇದ್ದರೆ ಅದು ಇನ್ನೊಂದು 15 ನುಂಗುತ್ತದೆ. 118 ವೋಲ್ಟ್ ಹೊರಟಿದ್ದು ಎಸಿ ಮುಟ್ಟುವಷ್ಟರಲ್ಲಿ 80ಕ್ಕೆ ಬಂತು. ವೋಲ್ಟ್ ಇಳಿದಂತೆ ಆಂಪೂ ಸ್ವಲ್ಪ ಇಳಿಯುವುದರಿಂದ ಲೆಕ್ಕ ಇಷ್ಟು ಪಕ್ಕಾ ಕೂರಲ್ಲ. ಆದರೆ ದಿಕ್ಕು ಇದೇ. ಕಂಪ್ರೆಸರ್ "ಗುಂಯ್ಯ್..." ಅಂತ ನರಳುತ್ತದೆ, ಲೈಟು ಮಂಕಾಗುತ್ತದೆ, ತಿರುಗಲ್ಲ. ಎರಡು ಸೆಕೆಂಡಿಗೆ ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್. ಆ ಸದ್ದು ಕೇಳಿದರೆ ತಕ್ಷಣ ಆಫ್ ಮಾಡಿ. ಪ್ರತೀ ನರಳಾಟವೂ ಕಂಪ್ರೆಸರ್ ಆಯಸ್ಸು ತಿನ್ನುತ್ತದೆ. 12 ಗೇಜ್ ಆದರೆ ಅದೇ ಕ್ಷಣದಲ್ಲಿ ಹೋಗುವುದು ಹತ್ತು ವೋಲ್ಟಿನೊಳಗೆ.

ಹಾಗಾದರೆ ಯಾವುದು ತರಬೇಕು? 16 ಗೇಜ್ ಕಡೆ ನೋಡಲೇಬೇಡಿ. 14 ಗೇಜಿನ ಚೀಟಿಯಲ್ಲಿ 50 ಅಡಿವರೆಗೆ 15 ಆಂಪ್ ಅಂತ ಬರೆದಿರುತ್ತದೆ, ಅದು ಸುಳ್ಳಲ್ಲ. ಆದರೂ ಎಸಿಗೆ ನಾನು ಅದನ್ನು ತರಲ್ಲ. ಆ ಅಂಕಿ ವೈರು ಸುಡಲ್ಲ ಅಂತ ಹೇಳುತ್ತದೆ, ಕಂಪ್ರೆಸರ್ ಸುಖವಾಗಿರುತ್ತದೆ ಅಂತ ಹೇಳಲ್ಲ. 25 ಅಡಿಯಿಂದ 50 ಅಡಿವರೆಗೆ 12 ಗೇಜ್. 50 ದಾಟಿದರೆ 10 ಗೇಜ್. ನೂರಡಿ ಬೇಕು ಅನ್ನಿಸಿದರೆ ವೈರು ಹುಡುಕುವ ಬದಲು ಗಾಡಿಯನ್ನೇ ಹತ್ತಿರ ನಿಲ್ಲಿಸಿ.

ಉದ್ದ ಅಳೆಯುವಾಗ ಗಾಡಿಯ ಸ್ವಂತ ವೈರನ್ನು ಮರೆಯಬೇಡಿ. ಮೋಟರ್‌ಹೋಮ್ ಹೊಟ್ಟೆಯಿಂದ ಹೊರಬರುವ ದಪ್ಪ ಕಪ್ಪು ವೈರು ಮಾಮೂಲಾಗಿ 25ರಿಂದ 30 ಅಡಿ ಇರುತ್ತದೆ. ಅದನ್ನು ಪೂರ್ತಿ ಹೊರಗೆಳೆದು, ಸಾಕೆಟ್ಟಿನ ಕಡೆ ಚಾಚಿ, ಆಮೇಲೆ ಮಿಕ್ಕ ದೂರ ಅಳೆಯಿರಿ. ನಾನು ಹೀಗೆ ಅಳೆದಾಗ ಬೇಕಿದ್ದದ್ದು ಬರೀ 18 ಅಡಿ. ಸುಮ್ನೆ 50 ಅಡಿ ಹಾಕಿದ್ದೆ. ಎರಡು ಗಿಡ್ಡ ವೈರು ಸೇರಿಸಿ ಉದ್ದ ಮಾಡುವ ಉಪಾಯವೂ ಬೇಡ. ಪ್ರತಿ ಜೋಡಣೆಯೂ ಇನ್ನೊಂದು ಬಿಸಿ ಬಿಂದು.

ಹೆಜ್ಜೆ 4: ವೈರಿನ ಮೈಮೇಲಿನ ಅಕ್ಷರ ಓದಿ

ಬಣ್ಣ ನೋಡಿ ಮೋಸ ಹೋಗಬೇಡಿ. ಕಿತ್ತಳೆಯೋ ಹಳದಿಯೋ, ಬಣ್ಣಕ್ಕೂ ದಪ್ಪಕ್ಕೂ ಸಂಬಂಧ ಇಲ್ಲ. ಹೊರಗಿನ ರಬ್ಬರ್ ದಪ್ಪ ಮಾಡಿ ಒಳಗೆ ತೆಳು ತಂತಿ ಇಟ್ಟಿರುವುದೂ ಉಂಟು. ಕೈಯಲ್ಲಿ ಹಿಡಿದು "ದಪ್ಪ ಇದೆ" ಅಂದುಕೊಳ್ಳುವ ಬದಲು ಮೈಮೇಲೆ ಒತ್ತಿದ ಅಕ್ಷರ ಓದಿ. ಮೊಬೈಲ್ ಲೈಟನ್ನು ಅಡ್ಡಕ್ಕೆ ಹಿಡಿದರೆ ಚೆನ್ನಾಗಿ ಕಾಣುತ್ತದೆ.

12/3 ಅಂತ ಇದ್ದರೆ 12 ಗೇಜಿನ ಮೂರು ತಂತಿ. ಮೂರನೆಯದು ಅರ್ತಿಂಗ್. ಅದಿಲ್ಲದ ಎರಡು ತಂತಿಯದ್ದು ಗಾಡಿಗೆ ಆಗಲ್ಲ. ಪಕ್ಕದಲ್ಲಿ ಎಸ್‌ಜೆಟಿಡಬ್ಲ್ಯು ತರಹದ ಅಕ್ಷರಗಳಿರುತ್ತವೆ. ಅದರಲ್ಲಿ ಡಬ್ಲ್ಯು ಇದೆಯಾ ನೋಡಿ. ಡಬ್ಲ್ಯು ಅಂದರೆ ಮಳೆ, ಬಿಸಿಲಲ್ಲಿ ಹೊರಗೆ ಹಾಕಬಹುದು. ಜೆ ಇದ್ದರೆ 300 ವೋಲ್ಟಿನ ಹೊದಿಕೆ, ಇಲ್ಲದಿದ್ದರೆ 600 ವೋಲ್ಟಿನ ಗಟ್ಟಿ ಹೊದಿಕೆ. ನಮಗೆ ಎರಡೂ ನಡೆಯುತ್ತದೆ. ಟಿ ಅಂದರೆ ಪ್ಲಾಸ್ಟಿಕ್ ಜಾತಿ, ಚಳಿಗೆ ಕೋಲಿನ ಹಾಗೆ ಸೆಟೆದುಕೊಳ್ಳುತ್ತದೆ. ಇ ಅಂದರೆ ರಬ್ಬರಿನಂಥದ್ದು, ಚಳಿಯಲ್ಲೂ ಬಾಗುತ್ತದೆ. ಮಿಶಿಗನ್, ಮಿನೆಸೋಟ ಕಡೆ ಇರುವವರು ಇ ಇರುವುದನ್ನೇ ತನ್ನಿ.

ಸುರಕ್ಷತೆ ಪರೀಕ್ಷೆ ಆಗಿದೆ ಅಂತ ಹೇಳುವ ಯುಎಲ್ ಅಥವಾ ಇಟಿಎಲ್ ಗುರುತು ಇರಲೇಬೇಕು. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ 12 ಗೇಜ್ ಸಿಕ್ಕರೆ ವಿವರಣೆಯಲ್ಲಿ ಸಿಸಿಎ ಅಂತ ಇದೆಯಾ ಹುಡುಕಿ. ಅದು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ತಾಮ್ರದ ಹೆಸರಲ್ಲಿ ಅಲ್ಯೂಮಿನಿಯಂ. ಅದೇ ಗೇಜಿನ ತಾಮ್ರದಷ್ಟು ಕರೆಂಟ್ ಹೊರಲ್ಲ. ಬಿಟ್ಟುಬಿಡಿ.

ಹೆಜ್ಜೆ 5: ಅಡಾಪ್ಟರ್

ಮೋಟರ್‌ಹೋಮಿನ ಪ್ಲಗ್ ಮನೆ ಸಾಕೆಟ್ಟಿಗೆ ಕೂರಲ್ಲ. ಬಹಳಷ್ಟು ಗಾಡಿಗಳದ್ದು 30 ಆಂಪಿನ ಮೂರು ಪಿನ್ನಿನದು, ಎರಡು ಓರೆ, ಒಂದು ಗುಂಡು. ಇದಕ್ಕೆ ಟಿಟಿ-30 ಅಂತ ಹೆಸರು. ದೊಡ್ಡ ಗಾಡಿಗಳದ್ದು 50 ಆಂಪಿನ ನಾಲ್ಕು ಪಿನ್ನು. ನಡುವೆ ಒಂದು ಅಡಾಪ್ಟರ್ ಬೇಕು. ಗುಂಡಗೆ ಬಿಸ್ಕತ್ತಿನ ಗಾತ್ರದಲ್ಲಿ ಬರುವ ಪ್ಲಾಸ್ಟಿಕ್ ಅಡಾಪ್ಟರಿಗಿಂತ ನಡುವೆ ಒಂದಡಿ ವೈರು ಇರುವ, ಇಲ್ಲಿಯವರು ನಾಯಿಮೂಳೆ ಅನ್ನುವ ತರಹದ್ದು ಒಳ್ಳೆಯದು. ಪಿನ್ನುಗಳ ಮೇಲೆ ಭಾರ ಬೀಳಲ್ಲ, ಬಿಸಿಯೂ ಆರುತ್ತದೆ.

ಅಡಾಪ್ಟರನ್ನು ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ಸಾಧ್ಯವಾದರೆ ಮನೆ ಸಾಕೆಟ್ಟಿನ ಬುಡದಲ್ಲೇ ಅಡಾಪ್ಟರ್ ಹಾಕಿ, ಅಲ್ಲಿಂದ ಮುಂದಕ್ಕೆ 10 ಗೇಜಿನ 30 ಆಂಪ್ ಮೋಟರ್‌ಹೋಮ್ ಎಕ್ಸ್‌ಟೆನ್ಶನ್ ಎಳೆಯಿರಿ. 25 ಅಡಿ, 50 ಅಡಿ ಎರಡೂ ಸಿಗುತ್ತದೆ. ಹೆಬ್ಬಾವಿನ ಹಾಗೆ ದಪ್ಪ, ಭಾರ, ಸುಲಭಕ್ಕೆ ಮಣಿಯಲ್ಲ, ದುಡ್ಡೂ ಜಾಸ್ತಿ. ಆದರೆ ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟ್ ಕೊಡುವ ಕಂಬ ದೂರ ಇದ್ದಾಗ ಅದೇ ವೈರು ಕೆಲಸಕ್ಕೆ ಬರುತ್ತದೆ. ಒಂದೇ ಸಲ ಖರ್ಚು ಮಾಡುವುದಾದರೆ ನಾನು ಇದನ್ನೇ ತನ್ನಿ ಅನ್ನುವುದು. ಅಡಾಪ್ಟರ್ ಹಾಕಿದ ಮಾತ್ರಕ್ಕೆ 15 ಆಂಪ್ ಸಾಕೆಟ್ಟು 30 ಆಗಲ್ಲ ಅನ್ನುವುದು ನೆನಪಿರಲಿ. 50 ಆಂಪ್ ಗಾಡಿಯಲ್ಲಿ ಎರಡು ಎಸಿ ಇದ್ದರೂ ಒಂದನ್ನೇ ಓಡಿಸಬೇಕು.

ಹೆಜ್ಜೆ 6: ಸಿಕ್ಕಿಸುವ ಕ್ರಮ

ಇದಕ್ಕೂ ಒಂದು ಕ್ರಮ ಇದೆ. ಮೊದಲು ಗಾಡಿಯೊಳಗಿನ ಎಸಿ, ಮೈಕ್ರೋವೇವ್, ವಾಟರ್ ಹೀಟರ್ ಬ್ರೇಕರ್ ಎಲ್ಲ ಆಫ್. ವೈರನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹಾಸಿ. ಚಾಪೆ ಕೆಳಗಾಗಲಿ ಗ್ಯಾರೇಜ್ ಬಾಗಿಲಿನ ಸಂದಿಯಲ್ಲಾಗಲಿ ಅದು ಹಾಯಬಾರದು. ಜೋಡಣೆ ಇರುವ ಕಡೆ ನೆಲಕ್ಕೆ ತಾಗದ ಹಾಗೆ ಒಂದು ಇಟ್ಟಿಗೆ ಮೇಲಿಡಿ, ಸ್ಪ್ರಿಂಕ್ಲರ್ ನೀರು ಬೀಳದ ಜಾಗ ನೋಡಿ. ಮೊದಲು ಗಾಡಿ ಕಡೆ ಸಿಕ್ಕಿಸಿ, ಕೊನೆಗೆ ಗೋಡೆಗೆ. ಆಮೇಲೆ ಒಳಗೆ ಹೋಗಿ ಎಸಿಯ ಬ್ರೇಕರ್ ಆನ್ ಮಾಡಿ. ಐದು ನಿಮಿಷ ಬರೀ ಫ್ಯಾನ್ ಓಡಿಸಿ, ಆಮೇಲೆ ಕೂಲ್.

ಗಾಡಿಯೊಳಗಿನ ಒಂದು ಸಾಕೆಟ್ಟಿಗೆ ವೋಲ್ಟ್ ತೋರಿಸುವ ಸಣ್ಣ ಮೀಟರ್ ಸಿಕ್ಕಿಸಿಡಿ. ಈ ಇಡೀ ವಿಷಯದಲ್ಲಿ ಅದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ಎಸಿ ಓಡುವಾಗ 110ರ ಮೇಲಿದ್ದರೆ ಆರಾಮ. 108ಕ್ಕೆ ಬಂದರೆ ಎಚ್ಚರ. ನಾನು 105ಕ್ಕೆ ಆಫ್ ಮಾಡುತ್ತೇನೆ. ಗಾಡಿ ಕಾಯುವ ಇಎಂಎಸ್ ಅನ್ನುವ ಪೆಟ್ಟಿಗೆಗಳಲ್ಲಿ ಕೆಲವು 104 ವೋಲ್ಟಿಗೆ ತಾವೇ ಕರೆಂಟ್ ಕತ್ತರಿಸುತ್ತವೆ, ಆ ನಂಬರ್ ನನಗೆ ಬಂದಿದ್ದು ಅಲ್ಲಿಂದ. ಎಸಿ ನಿಂತರೆ ಮತ್ತೆ ಆನ್ ಮಾಡುವ ಮೊದಲು ಮೂರು ನಿಮಿಷವಾದರೂ ಬಿಡಿ. ಒಳಗಿನ ಗ್ಯಾಸ್ ಒತ್ತಡ ಸಮ ಆಗದೆ ಕಂಪ್ರೆಸರ್ ತಿರುಗೋಕೆ ಒದ್ದಾಡುತ್ತದೆ.

ಹದಿನೈದು ನಿಮಿಷಕ್ಕೆ, ಆಮೇಲೆ ಒಂದು ಗಂಟೆಗೆ ಪ್ಲಗ್ಗುಗಳನ್ನು ಮುಟ್ಟಿ ನೋಡಿ. ಲೋಹ ಅಲ್ಲ, ಹೊರಗಿನ ರಬ್ಬರ್ ಮಾತ್ರ. ಬೆಚ್ಚಗಿದ್ದರೆ ಸರಿ. ಬಿಸಿ ಕಾಫಿ ಲೋಟದ ಹಾಗೆ ಕೈ ಹಿಂದಕ್ಕೆ ಬಂದರೆ ಆಫ್ ಮಾಡಿ. ಮುಟ್ಟುವುದು ನಾಲ್ಕೂ ಕಡೆ: ಗೋಡೆ, ಅಡಾಪ್ಟರ್, ನಡುವಿನ ಜೋಡಣೆ, ಗಾಡಿಯ ಪ್ಲಗ್. ಕೀಳುವಾಗ ಮೊದಲು ಎಸಿ ಆಫ್, ಆಮೇಲೆ ಪ್ಲಗ್. ಓಡುತ್ತಿರುವಾಗಲೇ ಕಿತ್ತರೆ ಕಿಡಿ ಹಾರಿ ಪಿನ್ನು ಸುಡುತ್ತದೆ, ಸುಟ್ಟ ಪಿನ್ನು ಮುಂದಿನ ಸಲ ಜಾಸ್ತಿ ಬಿಸಿಯಾಗುತ್ತದೆ.

ಒಳಗಿನ ಪಾಲುದಾರರು

ಎಸಿ ಓಡುತ್ತಿದ್ದಾಗ ಅಮ್ಮ ಮೈಕ್ರೋವೇವಿನಲ್ಲಿ ಹಾಲು ಕಾಯಿಸಿದರೆ ಕತ್ತಲು ಗ್ಯಾರಂಟಿ. ಮೈಕ್ರೋವೇವ್ ಒಂದೇ 12 ಆಂಪ್ ಹತ್ತಿರ. ಕರೆಂಟಿನ ವಾಟರ್ ಹೀಟರ್ ಕೂಡ ಅಷ್ಟೇ. ಇವೆರಡು ಕಣ್ಣಿಗೆ ಕಾಣುವ ಕಳ್ಳರು. ಕಾಣದವು ಇನ್ನೆರಡಿವೆ. ಗಾಡಿಯ ಫ್ರಿಜ್ ಆಟೋ ಮೋಡಿನಲ್ಲಿದ್ದರೆ ವೈರು ಸಿಕ್ಕಿಸಿದ ಕೂಡಲೇ ಗ್ಯಾಸ್ ಬಿಟ್ಟು ಕರೆಂಟಿಗೆ ಬರುತ್ತದೆ, ಸುಮಾರು 3 ಆಂಪ್. ಅದನ್ನು ಗ್ಯಾಸಿಗೇ ಹಾಕಿ. ಇನ್ನೊಂದು, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್. ಬ್ಯಾಟರಿ ಖಾಲಿ ಇದ್ದರೆ ಅದು ಚೆನ್ನಾಗಿ ಎಳೆಯುತ್ತದೆ. ಹಿಂದಿನ ದಿನವೇ ವೈರು ಹಾಕಿ ಬ್ಯಾಟರಿ ತುಂಬಿಸಿಕೊಂಡರೆ ಎಸಿಗೆ ಜಾಗ ಸಿಗುತ್ತದೆ.

ಆಂಪ್ ಸರಿ ಇದ್ದೂ ಗ್ಯಾರೇಜಿನ ಜಿಎಫ್‌ಸಿಐ ಸಾಕೆಟ್ಟು, ಅಂದರೆ ಟೆಸ್ಟ್, ರೀಸೆಟ್ ಗುಂಡಿ ಇರುವುದು, ಟಪ್ ಅಂತ ಬೀಳುತ್ತಿದ್ದರೆ ಅದು ಬೇರೆ ಕತೆ. ಎಲ್ಲೋ ಕರೆಂಟ್ ಅರ್ತಿಗೆ ಸೋರುತ್ತಿದೆ. ಗಾಡಿಯ ಎಲ್ಲ ಬ್ರೇಕರ್ ಆಫ್ ಮಾಡಿ ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ, ಯಾವುದಕ್ಕೆ ಬೀಳುತ್ತದೆ ನೋಡಿ. ತೂತಾದ ವಾಟರ್ ಹೀಟರ್ ಕಾಯಿಲ್, ಒದ್ದೆಯಾದ ಜೋಡಣೆ, ಇವು ಮಾಮೂಲಿ ಅಪರಾಧಿಗಳು. ಜಿಎಫ್‌ಸಿಐ ಕಾಟ ಅಂತ ಅದನ್ನು ತೆಗೆಸುವುದು, ಅರ್ತ್ ಪಿನ್ನು ಮುರಿಯುವುದು ಮಾಡಬೇಡಿ. ಕಬ್ಬಿಣದ ಮೆಟ್ಟಿಲು, ಒದ್ದೆ ಹುಲ್ಲು, ಬರಿಗಾಲು. ಶಾಕ್ ಹೊಡೆಯೋಕೆ ಇನ್ನೇನು ಬೇಕು.

ಪದೇ ಪದೇ ಬೇಕಾದರೆ

ವರ್ಷಕ್ಕೆ ಎರಡು ಸಲ ಪ್ರಯಾಣದ ಹಿಂದಿನ ಸಂಜೆ ತಂಪು ಮಾಡಿಕೊಳ್ಳೋಕೆ ಮೇಲಿನದೆಲ್ಲ ಸಾಕು. ನೆಂಟರು ವಾರಗಟ್ಟಲೆ ಗಾಡಿಯಲ್ಲೇ ಮಲಗುತ್ತಾರೆ ಅಂದರೆ ಮನೆ ಗೋಡೆಗೆ 30 ಆಂಪ್ ಟಿಟಿ-30 ಸಾಕೆಟ್ಟೇ ಹಾಕಿಸಿ. ಇದರಲ್ಲಿ ಒಂದು ಹೊಂಡ ಇದೆ. ಮೂರು ಪಿನ್ನು, 30 ಆಂಪ್ ಅಂದ ಕೂಡಲೇ ಬಟ್ಟೆ ಡ್ರೈಯರಿನ ಪಾಯಿಂಟು ಅಂದುಕೊಂಡು 240 ವೋಲ್ಟ್ ಕೊಟ್ಟುಬಿಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಟಿಟಿ-30 ಅಂದರೆ 120 ವೋಲ್ಟ್, ಸಿಂಗಲ್ ಪೋಲ್ ಬ್ರೇಕರ್. 240 ಕೊಟ್ಟರೆ ಮೈಕ್ರೋವೇವ್, ಕನ್ವರ್ಟರ್, ಟಿವಿ ಒಂದೇ ಏಟಿಗೆ ಹೋಗುತ್ತವೆ. ಊರಲ್ಲಿ 240 ನೋಡಿ ಬೆಳೆದ ನಮಗೆ ಮೀಟರಿನಲ್ಲಿ ಆ ನಂಬರ್ ಕಂಡರೆ ಅನುಮಾನವೂ ಬರಲ್ಲ! ಕೆಲಸ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಎದುರಲ್ಲೇ ಮಲ್ಟಿಮೀಟರ್ ಇಟ್ಟು 120 ತೋರಿಸಲು ಹೇಳಿ. ಆಮೇಲೆ ಗಾಡಿ ಸಿಕ್ಕಿಸಿ.

ಎಸಿ ಒಳಗೆ ಸಾಫ್ಟ್ ಸ್ಟಾರ್ಟರ್ ಅನ್ನುವ ಸಣ್ಣ ಪೆಟ್ಟಿಗೆ ಹಾಕಿಸುವ ದಾರಿಯೂ ಇದೆ. ಅದು ಶುರುವಿನ ಆ 60 ಆಂಪ್ ನೂಕನ್ನು ಅರ್ಧಕ್ಕಿಂತ ಕೆಳಗೆ ತರುತ್ತದೆ. ಓಡುವಾಗಿನ ಆಂಪ್ ಕಡಿಮೆ ಮಾಡಲ್ಲ, ಹಾಗಾಗಿ ತೆಳು ವೈರಿಗೆ ಅದು ಮದ್ದಲ್ಲ. ಬರೀ ಮಲಗುವ ಹೊತ್ತಿಗೆ ತಂಪು ಬೇಕಾದರೆ 5,000 ಬಿಟಿಯು ಕಿಟಕಿ ಎಸಿ ನಾಲ್ಕೈದು ಆಂಪಿಗೆ ಓಡುತ್ತದೆ. ನನ್ನ ಗೆಳೆಯನೊಬ್ಬ ಹಾಸಿಗೆ ಪಕ್ಕದ ಕಿಟಕಿಗೆ ಅದನ್ನೇ ಹಲಗೆ ಕಟ್ಟಿ ಕೂರಿಸಿದ್ದಾನೆ. ನೋಡೋಕೆ ಚೆನ್ನಾಗಿಲ್ಲ, ಆದರೆ ಅವನ ಅತ್ತೆ ಮಾವ ಹಾಯಾಗಿ ಮಲಗುತ್ತಾರೆ.

ಸುಟ್ಟ ವೈರನ್ನು ಟೇಪ್ ಸುತ್ತಿ ಇಟ್ಟುಕೊಳ್ಳಬೇಡಿ. ಕಸಕ್ಕೆ ಹಾಕುವ ಮೊದಲು ಎರಡೂ ತುದಿಯ ಪ್ಲಗ್ ಕತ್ತರಿಸಿ, ಇನ್ನೊಬ್ಬರು ಎತ್ತಿಕೊಂಡು ಹೋಗಿ ಬಳಸಬಾರದು. ನಾನು ಹಾಗೆ ಕತ್ತರಿಸುತ್ತಿದ್ದಾಗ ಅಪ್ಪ ಬಂದು ಆ ಕರಗಿದ ಪ್ಲಗ್ ಇಸಿದುಕೊಂಡರು. ಹಾಸನದ ನಮ್ಮ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕಂತೆ. ಪೇಪರಿನಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿ ಚಾಕೊಲೇಟ್ ಪ್ಯಾಕೆಟ್ಟಿನ ಪಕ್ಕ ಇಟ್ಟುಕೊಂಡು ಹೋದರು.